ಹಿಡಿತದ ಕಲೆ ಕಲಿಯೋ ಆಸೆ: ಜೂಡೋ, ಬಿಜೆಜೆ, ಕುಸ್ತಿ, ಮೂರರಲ್ಲಿ ಎಲ್ಲಿಗೆ ಸೇರಲಿ?

ಮೊದಲಪಟ್ಟು:
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಗುದ್ದಾಟ, ಒದೆದಾಟ ನನಗೆ ಬೇಡ. ತಲೆಗೆ ಪೆಟ್ಟು ಬೀಳುವ ಆಟದ ಮೇಲೆ ಮನಸ್ಸಿಲ್ಲ. ಆದರೆ ಹಿಡಿಯುವುದು, ಕೆಡವುವುದು, ಕೆಳಗೆ ಸಿಕ್ಕಿಬಿದ್ದರೆ ಬಿಡಿಸಿಕೊಂಡು ಏಳುವುದು, ಇದನ್ನು ಕಲಿಯಬೇಕು ಅಂತ ತುಂಬಾ ದಿನದಿಂದ ಆಸೆ.

ಮೂರು ಕಡೆ ವಿಚಾರಿಸಿದ್ದೇನೆ. ಒಂದು ಜೂಡೋ ಕ್ಲಬ್. ಮನೆಯಿಂದ ನಡೆದು ಹೋದರೆ ಹತ್ತು ನಿಮಿಷ. ವಾರಕ್ಕೆ ಎರಡೇ ದಿನ. ಕಲಿಯುವವರಲ್ಲಿ ಮುಕ್ಕಾಲು ಪಾಲು ಮಕ್ಕಳು, ದೊಡ್ಡವರು ಐದಾರು ಜನ. ಎರಡನೆಯದು ಬ್ರೆಜಿಲಿಯನ್ ಜಿಯು-ಜಿಟ್ಸು, ಅಂದ್ರೆ ಬಿಜೆಜೆ ಅಕಾಡೆಮಿ. ಹೋಗೋಕೆ ಮುಕ್ಕಾಲು ಗಂಟೆ ಬೇಕು. ವಾರಕ್ಕೆ ಆರು ದಿನ ತರಗತಿ, ಹೊಸಬರಿಗೆ ಬೇರೆ ಬ್ಯಾಚ್. ಆದರೆ ಒಂದು ವರ್ಷದ ಕರಾರಿಗೆ ಸಹಿ ಹಾಕಬೇಕಂತೆ. ಮೂರನೆಯದು ಕುಸ್ತಿ. ಬೆಳಗ್ಗೆ ಐದೂವರೆಗೆ ಶುರು. ಫೀಸು ಎಲ್ಲಕ್ಕಿಂತ ಕಡಿಮೆ. ಅಲ್ಲಿರುವವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು, ಸ್ಪರ್ಧೆಗೆ ತಯಾರಾಗುತ್ತಿರುವವರು.

ಇನ್ನೊಂದು ವಿಷಯ ಹೇಳಬೇಕು. ಆರು ವರ್ಷದ ಹಿಂದೆ ಫುಟ್‌ಬಾಲ್ ಆಡುವಾಗ ಬಲ ಮಂಡಿ ತಿರುಚಿತ್ತು. ಈಗ ನೋವಿಲ್ಲ. ಮೆಟ್ಟಿಲು ಇಳಿಯುವಾಗ ಒಮ್ಮೊಮ್ಮೆ ಲಟಕ್ ಅನ್ನುತ್ತೆ. ನನ್ನಂಥವನಿಗೆ ಯಾವುದು ಸರಿ? ದಯವಿಟ್ಟು ಅನುಭವ ಇರುವವರು ಹೇಳಿ.

ದಿನಾಮ್ಯಾಟ್:
ಹತ್ತಿರ ಇರೋದಕ್ಕೆ ಹೋಗಿ. ಮೂರು ತಿಂಗಳಾದ ಮೇಲೂ ಹೋಗ್ತಾ ಇರ್ತೀರಿ.

ನೀಲಿಬೆಲ್ಟ್:
ನಾನು ಒಪ್ಪಲ್ಲ. ವಾರಕ್ಕೆ ಎರಡು ದಿನ, ಅದೂ ಮಕ್ಕಳ ಮಧ್ಯೆ. ನಿಮ್ಮ ತೂಕದವರು ಇಲ್ಲದಿದ್ದರೆ ಅಭ್ಯಾಸ ಯಾರ ಜೊತೆ ಮಾಡ್ತೀರಿ? ಹಿಡಿತದ ಕಲೆ ಒಬ್ಬರೇ ಕಲಿಯುವುದಲ್ಲ. ಎದುರಿಗೆ ಒಂದು ಮೈ ಬೇಕು. ಅದು ದಿನಾ ಬೇರೆ ಬೇರೆ ಮೈ ಆಗಿರಬೇಕು. ದಪ್ಪ, ಸಣ್ಣ, ಎತ್ತರ, ಗಿಡ್ಡ.

ನಾನು 36ಕ್ಕೆ ಬಿಜೆಜೆ ಶುರು ಮಾಡಿದೆ. ನೆಲದ ಮೇಲೇ ಜಾಸ್ತಿ ಕೆಲಸ, ಬೀಳುವುದು ಕಡಿಮೆ. 34ರಲ್ಲಿ ದಿನಾ ಯಾರಾದರೂ ಎತ್ತಿ ಒಗೆದರೆ ಬೆನ್ನು, ಭುಜ ಎಷ್ಟು ದಿನ ತಡೆಯುತ್ತೆ ಹೇಳಿ? ಬಿಜೆಜೆ ನಿಧಾನಕ್ಕೆ ಮಾಡಬಹುದು. ಮಂಡಿ ಹಳೆಯದು ಅಂದಿರಿ, ಹಾಗಿದ್ದರೆ ನನ್ನ ಓಟು ಬಿಜೆಜೆಗೆ.

ಬೀಳೋದುಕಲಿ:
ನೀಲಿಬೆಲ್ಟ್ ಅಣ್ಣಾ, ಒಂದು ಮಾತು ತಿದ್ದುತ್ತೇನೆ. ಜೂಡೋದಲ್ಲಿ ಮೊದಲ ದಿನವೇ ಯಾರೂ ಎತ್ತಿ ಒಗೆಯಲ್ಲ. ಒಳ್ಳೆ ಕಡೆ ಮೊದಲ ಕೆಲವು ವಾರ ಬರೀ ಬೀಳೋದನ್ನೇ ಹೇಳಿಕೊಡ್ತಾರೆ. ಅದಕ್ಕೆ ಉಕೆಮಿ ಅಂತಾರೆ. ಹಿಂದಕ್ಕೆ ಬೀಳೋದು, ಪಕ್ಕಕ್ಕೆ ಬೀಳೋದು, ಉರುಳಿ ಏಳೋದು. ಗದ್ದ ಎದೆಗೆ ಒತ್ತಬೇಕು, ಕೈಯಿಂದ ಮ್ಯಾಟ್ ಬಡಿಯಬೇಕು, ಕೈ ಊರಬಾರದು. ಬೀಳುವಾಗ ಕೈ ಊರಿದರೆ ಮಣಿಕಟ್ಟು, ಮೊಣಕೈ, ಕಾಲರ್ ಮೂಳೆ, ಯಾವುದಾದರೂ ಒಂದು ಹೋಗುತ್ತೆ.

ನನ್ನ ಪ್ರಕಾರ ದೊಡ್ಡವರಾದ ಮೇಲೆ ಮನುಷ್ಯ ಕಲಿಯಬೇಕಾದ ಮೊದಲ ವಿದ್ಯೆಯೇ ಇದು. ಬಿಜೆಜೆಯಲ್ಲಿ ಬೀಳೋದು ಕಡಿಮೆ ನಿಜ. ಆದರೆ ಬಿದ್ದಾಗ ಹೇಗೆ ಬೀಳಬೇಕು ಅಂತ ಗೊತ್ತಿಲ್ಲದೆ ಬೀಳೋದು ಜಾಸ್ತಿ ಅಪಾಯ ಅಲ್ವಾ?

ನೀಲಿಬೆಲ್ಟ್:
ಉಕೆಮಿ ನಮ್ಮಲ್ಲೂ ಹೇಳಿಕೊಡ್ತಾರೆ. ವಾರಕ್ಕೆ ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಅದು ಸಾಲದು ಅನ್ನೋದನ್ನು ಒಪ್ಪುತ್ತೇನೆ.

ಆದರೆ ಜೂಡೋದಲ್ಲಿ ನೆಲದ ಕೆಲಸವೇ ಇಲ್ಲವಲ್ಲ. ಎಸೆದರೆ ಮುಗೀತು. ಇವರು ಕೇಳಿದ್ದು ಕೆಳಗೆ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳೋದು ಹೇಗೆ ಅಂತ.

ಹಳೆಕಂದುಬೆಲ್ಟ್:
ಇಲ್ಲ ಅನ್ನೋದು ತಪ್ಪು. ಜೂಡೋದಲ್ಲಿ ನೆಲದ ಕೆಲಸಕ್ಕೆ ನೇವಾಜಾ ಅಂತ ಹೆಸರೇ ಇದೆ. 20 ಸೆಕೆಂಡ್ ಬೆನ್ನು ನೆಲಕ್ಕೆ ಹಚ್ಚಿ ಒತ್ತಿ ಹಿಡಿದರೆ ಪೂರ್ತಿ ಗೆಲುವು, 10 ಸೆಕೆಂಡ್ ಹಿಡಿದರೆ ಅರ್ಧ. ಚೋಕ್, ಅಂದ್ರೆ ಕತ್ತು ಒತ್ತಿ ಹಿಡಿಯೋದು ಇದೆ, ಮೊಣಕೈಗೆ ಬೀಗ ಹಾಕೋದು, ಅಂದ್ರೆ ಕೀಲು ಬಾಗದ ಕಡೆಗೆ ಒತ್ತೋದು ಇದೆ. ಇಲ್ಲದಿರೋದು ಕಾಲಿನ ಬೀಗ. ವ್ಯತ್ಯಾಸ ಇರೋದು ಸಮಯದಲ್ಲಿ. ಜೂಡೋ ಪಂದ್ಯದಲ್ಲಿ ನೆಲದ ಮೇಲೆ ಕೆಲಸ ಮುಂದಕ್ಕೆ ಸಾಗದಿದ್ದರೆ ರೆಫ್ರಿ ಬೇಗ ನಿಲ್ಲಿಸಿ ಎಬ್ಬಿಸ್ತಾರೆ. ಬಿಜೆಜೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಅಲ್ಲೇ ಇರಬಹುದು. ಹಾಗಾಗಿ ಅಲ್ಲಿ ನೆಲದ ಕೆಲಸ ಇಷ್ಟು ಬೆಳೆಯಿತು.

ಎರಡೂ ಒಂದೇ ಮನೆಯ ಮಕ್ಕಳು. ಕಾನೊ ಜಿಗೊರೊ 1882ರಲ್ಲಿ ಹಳೆಯ ಜುಜುತ್ಸು ಪಟ್ಟುಗಳನ್ನು ಸೋಸಿ ಜೂಡೋ ಕಟ್ಟಿದರು. ಅವರ ಶಾಲೆಯಾದ ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೊ ಮಾಯೆಡಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಅವರಿಂದ ಕಲಿತ ಕಾರ್ಲೊಸ್ ಗ್ರೇಸಿ ಮತ್ತು ಅವರ ತಮ್ಮಂದಿರ ಕೈಯಲ್ಲಿ ಬಿಜೆಜೆ ಬೆಳೆಯಿತು. 1951ರಲ್ಲಿ ಜೂಡೋದ ಕಿಮುರಾ, ಹೆಲಿಯೊ ಗ್ರೇಸಿಯನ್ನು ಭುಜ ತಿರುಚುವ ಒಂದು ಪಟ್ಟಿನಿಂದ ಸೋಲಿಸಿದರು. ಸೋತ ಮನೆಯವರೇ ಆ ಪಟ್ಟಿಗೆ ಗೆದ್ದವರ ಹೆಸರಿಟ್ಟರು. ಇವತ್ತಿಗೂ ಬಿಜೆಜೆ ತರಗತಿಯಲ್ಲಿ ಅದು ಕಿಮುರಾನೇ. ನನಗೆ ಈ ಕಲೆಗಳ ಮೇಲೆ ಪ್ರೀತಿ ಹುಟ್ಟಿದ್ದೇ ಈ ಒಂದು ಸಂಗತಿಯಿಂದ.

ಬೀಳೋದುಕಲಿ:
ಸರ್, ಇದನ್ನು ಎಷ್ಟು ಸಲ ಕೇಳಿದರೂ ಮೈ ಜುಮ್ ಅನ್ನುತ್ತೆ.

ಅಖಾಡದಮಣ್ಣು:
ಎಲ್ಲರೂ ಜೂಡೋ, ಬಿಜೆಜೆ ಅಂತಾನೇ ಎಳೆದಾಡ್ತಿದ್ದೀರಿ. ಕುಸ್ತಿಯ ಬಗ್ಗೆಯೂ ಒಂದು ಮಾತು ಆಗಲಿ.

ಕುಸ್ತಿ ಕಲಿಸುವಷ್ಟು ಬೇಗ ಬೇರೆ ಯಾವುದೂ ಮೈಯನ್ನು ಎಚ್ಚರ ಮಾಡಲ್ಲ. ನಿಲ್ಲೋದು ಹೇಗೆ, ತೂಕ ಎಲ್ಲಿಡಬೇಕು, ಕೈ ಎಲ್ಲಿಗೆ ಹೋಗಬೇಕು, ಕಾಲು ಕಸಿಯೋಕೆ ಬಂದವನನ್ನು ಸೊಂಟ ಹಿಂದಕ್ಕೆ ಒಗೆದು ಹೇಗೆ ತಡೆಯಬೇಕು. ಇದು ಗೊತ್ತಿದ್ದರೆ ನೀವು ಕೆಳಗೆ ಬೀಳೋದೇ ಕಡಿಮೆ. ಜೂಡೋ ಸ್ಪರ್ಧೆಯಲ್ಲಿ ಕಾಲಿಗೆ ಕೈ ಹಾಕೋ ಹಾಗೇ ಇಲ್ಲ, 2010ರಿಂದ ನಿಷೇಧ. ಬಿಜೆಜೆಯಲ್ಲಿ ಎಷ್ಟೋ ಜನ ಕೂತೇ ಶುರು ಮಾಡ್ತಾರೆ.

ಫೀಸು ಕಡಿಮೆ ಅಂದಿರಿ. ಬಟ್ಟೆ ಖರ್ಚೂ ಇಲ್ಲ. ಒಂದು ಜೊತೆ ಶೂ, ಮೈಗೆ ಅಂಟುವ ಟೀಶರ್ಟ್, ಚಡ್ಡಿ ಸಾಕು.

ಹಳೆಕಂದುಬೆಲ್ಟ್:
ಸಣ್ಣ ತಿದ್ದುಪಡಿ. 2010ರಲ್ಲಿ ನೇರವಾಗಿ ಕಾಲು ಹಿಡಿಯೋದನ್ನು ಮಾತ್ರ ತಡೆದರು, ಕೆಲವು ಸಂದರ್ಭಕ್ಕೆ ವಿನಾಯಿತಿ ಇತ್ತು. ಪೂರ್ತಿ ನಿಂತಿದ್ದು 2013ರಲ್ಲಿ. ಗ್ರೀಕೋ-ರೋಮನ್ ಕುಸ್ತಿಯಲ್ಲೂ ಸೊಂಟದಿಂದ ಕೆಳಗೆ ಕೈ ಹಾಕೋ ಹಾಗಿಲ್ಲ. ಅದು ಫ್ರೀಸ್ಟೈಲ್‌ನಲ್ಲಿ ಮಾತ್ರ. ಅವರು ನೋಡಿರೋ ಕಡೆ ಯಾವುದು ಕಲಿಸ್ತಾರೆ ಅಂತ ಕೇಳಬೇಕು.

ಅಖಾಡದಮಣ್ಣು:
2013 ಸರಿ ಸರ್, ಒಪ್ಪಿದೆ.

ಮಂಡಿಪಾಠ:
ಎಲ್ಲರೂ ಯಾವ ಕಲೆ ಯಾವ ಕಲೆ ಅಂತ ಮಾತಾಡ್ತಿದ್ದೀರಿ. ಮಂಡಿಯ ವಿಷಯಕ್ಕೆ ಯಾರೂ ನಿಲ್ಲಲಿಲ್ಲ. ನಾನು ನಿಲ್ಲುತ್ತೇನೆ.

ನಾನು 31ಕ್ಕೆ ಒಂದು ಕಡೆ ಸೇರಿದೆ. ಹೆಸರು ಬೇಡ. ಜಾಗ ಚೆನ್ನಾಗಿತ್ತು. ಗೋಡೆ ತುಂಬಾ ಪದಕ. ಸೇರುವಾಗ "ಎಡ ಮಂಡಿ ಸ್ವಲ್ಪ ವೀಕು" ಅಂದೆ. "ಮಾಡ್ತಾ ಮಾಡ್ತಾ ಗಟ್ಟಿ ಆಗುತ್ತೆ" ಅಂದರು. ಅಷ್ಟೇ. ನನ್ನ ಜೊತೆ ಅಭ್ಯಾಸ ಮಾಡುವವರಿಗೆ ಯಾರಿಗೂ ಹೇಳಲಿಲ್ಲ. ಮೂರನೇ ವಾರ ನನಗಿಂತ ದಪ್ಪ ಇದ್ದ ಒಬ್ಬ ಹೊಸಬನ ಜೊತೆ ಬಿಟ್ಟರು. ನನ್ನ ಪಾದ ಮ್ಯಾಟಿಗೆ ಅಂಟಿತ್ತು. ಅವನ ತೂಕ ಪಕ್ಕದಿಂದ ಮಂಡಿ ಮೇಲೆ ಬಂತು. ಒಣ ಕಡ್ಡಿ ಮುರಿದಂಥ ಸದ್ದು. ಪಕ್ಕದ ಜೋಡಿಗೂ ಕೇಳಿಸಿತು, ಅವರು ನಿಲ್ಲಿಸಿ ತಿರುಗಿ ನೋಡಿದರು. ಲಿಗಮೆಂಟ್ ಹರಿದಿತ್ತು. ಆಪರೇಷನ್, ಒಂಬತ್ತು ತಿಂಗಳು ಫಿಸಿಯೋಥೆರಪಿ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನಿಗೂ ಏನೂ ಗೊತ್ತಿರಲಿಲ್ಲ. ಇಬ್ಬರು ಹೊಸಬರನ್ನು ಜೋಡಿ ಮಾಡಿ ಬಿಟ್ಟು ಆಚೆ ತಿರುಗಿದವರ ಮೇಲೆ ಇದೆ.

ಹಾಗಾಗಿ ಒಂದು ಕೆಲಸ ಮಾಡಿ. ಮೊದಲು ಮೂಳೆ ಡಾಕ್ಟರ ಹತ್ತಿರ ಇಲ್ಲ ಫಿಸಿಯೋ ಹತ್ತಿರ ಮಂಡಿ ತೋರಿಸಿ. ಆಮೇಲೆ ಮೂರೂ ಕಡೆ ಹೋಗಿ ಮಂಡಿ ವಿಷಯ ಹೇಳಿ. ಹೇಳಿದ ಮೇಲೆ ಸುಮ್ಮನಿರಿ. ಅವರು ಮುಂದಿನ ಮಾತು ಏನು ಆಡ್ತಾರೆ ಅಂತ ಕೇಳಿ. "ಏನೂ ಆಗಲ್ಲ" ಅಂದವರ ಕಡೆಗೆ ಹೋಗಬೇಡಿ. "ಯಾವ ಕಡೆಗೆ ತಿರುಗಿಸಿದರೆ ನೋವು?" ಅಂತ ಕೇಳಿದವರ ಹತ್ತಿರ ಕಲಿಯಿರಿ. ಜೂಡೋ ಆದರೂ ಸರಿ, ಕುಸ್ತಿ ಆದರೂ ಸರಿ.

ಮೊದಲಪಟ್ಟು:
ಓದಿ ತುಂಬಾ ಬೇಸರ ಆಯಿತು. ಈಗ ಹೇಗಿದೆ ನಿಮ್ಮ ಕಾಲು? ನೀವು ಹೇಳಿದ ಹಾಗೇ ಮಾಡ್ತೀನಿ. ಮೂರು ಕಡೆಗೂ ಒಂದೊಂದು ದಿನ ಟ್ರಯಲ್ ತರಗತಿಗೆ ಹೋಗ್ತೀನಿ.

ಮಂಡಿಪಾಠ:
ಚೆನ್ನಾಗಿದೆ. ಬೇರೆ ಕಡೆ ಸೇರಿದೆ, ಈಗಲೂ ಮಾಡ್ತೀನಿ. ವಾರಕ್ಕೆ ಮೂರು ದಿನ.

ಕಪ್ಪುಮ್ಯಾಟ್:
ಕಾಲಿನ ಬೀಗಗಳ ಬಗ್ಗೆಯೂ ಕೇಳಿಕೊಳ್ಳಿ. ಹೀಲ್ ಹುಕ್ ಅಂತ ಒಂದಿದೆ. ಹಿಮ್ಮಡಿ ಹಿಡಿದು ತಿರುಗಿಸೋದು, ಆದರೆ ಹೋಗೋದು ಮಂಡಿ. ಬೇರೆ ಬೀಗಗಳಲ್ಲಿ ಮೊದಲು ನೋವು ಬರುತ್ತೆ, ಆಮೇಲೆ ಪೆಟ್ಟಾಗುತ್ತೆ. ಇದರಲ್ಲಿ ನೋವು ಗೊತ್ತಾಗೋ ಹೊತ್ತಿಗೆ ಪೆಟ್ಟಾಗಿ ಹೋಗಿರಬಹುದು. ಬಿಜೆಜೆ ಸ್ಪರ್ಧೆ ನಡೆಸೋ ಒಕ್ಕೂಟ ಐಬಿಜೆಜೆಎಫ್, ಅದರ ನಿಯಮದಲ್ಲಿ 2021ರಿಂದ ಇದಕ್ಕೆ ಅನುಮತಿ ಇದೆ, ಅದೂ ಗೀ (ದಪ್ಪ ಬಟ್ಟೆಯ ಸಮವಸ್ತ್ರ) ಇಲ್ಲದ ಆಟದಲ್ಲಿ, ದೊಡ್ಡವರ ಕಂದು ಮತ್ತು ಕಪ್ಪು ಬೆಲ್ಟ್‌ಗೆ ಮಾತ್ರ. ಬಿಳಿ ಬೆಲ್ಟಿನವರು ಒಬ್ಬರ ಮೇಲೊಬ್ಬರು ಹೀಲ್ ಹುಕ್ ಹಾಕ್ತಿರೋದು ಕಂಡರೆ ವಾಪಸ್ ಬನ್ನಿ.

ನೀಲಿಬೆಲ್ಟ್:
ನೂರಕ್ಕೆ ನೂರು. ಎದುರಿಗಿರುವವರ ಕಾಲು ಕತ್ತರಿ ಥರ ಹಾಕಿ ಕೆಡವೋದು ಇದೆಯಲ್ಲ, ಕಾನಿ ಬಸಾಮಿ, ಅದೂ ಹಾಗೇ. ಜೂಡೋದಲ್ಲೂ ನಿಷೇಧ, ಐಬಿಜೆಜೆಎಫ್‌ನಲ್ಲೂ ನಿಷೇಧ. ನನಗಂತೂ ಅದನ್ನು ಕಂಡರೆ ಭಯ.

ಗೀಜಡೆ:
ಒಬ್ಬ ಹೆಂಗಸಾಗಿ ನಾನು ಟ್ರಯಲ್ ದಿನ ಏನು ನೋಡ್ತೀನಿ ಅಂತ ಹೇಳ್ತೀನಿ. ಗಂಡಸರಿಗೂ ಉಪಯೋಗ ಆಗಬಹುದು.

ಕೋಚ್ ಎಷ್ಟು ಚೆನ್ನಾಗಿ ಪಟ್ಟು ಹಾಕ್ತಾರೆ ಅಂತ ನೋಡಲ್ಲ. ಅದು ನಮಗೆ ಗೊತ್ತಾಗೋದೂ ಇಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣ ಮೈಯವರು ಯಾರು ಅಂತ ಹುಡುಕ್ತೀನಿ. ಅವರನ್ನೇ ನೋಡ್ತಾ ಕೂರ್ತೀನಿ. ಅವರು ಟ್ಯಾಪ್ ಮಾಡಿದ, ಅಂದ್ರೆ ಸೋತೆ ಬಿಡಿ ಅಂತ ಕೈ ಬಡಿದ ತಕ್ಷಣ ಎದುರಿನವರು ಬಿಡ್ತಾರಾ, ಅಥವಾ ಇನ್ನೊಂದು ಕ್ಷಣ ಎಳೀತಾರಾ? ಯಾರ ಜೊತೆಗಾದರೂ "ಇವತ್ತು ಬೇಡ" ಅಂದರೆ ಅದಕ್ಕೆ ಯಾರಾದರೂ ಮುಖ ಗಂಟು ಹಾಕ್ತಾರಾ? ಹೆಣ್ಣುಮಕ್ಕಳು ಎರಡು ಮೂರು ವರ್ಷದಿಂದ ಅಲ್ಲೇ ಇದ್ದಾರಾ, ಅಥವಾ ಎಲ್ಲರೂ ಹೊಸಬರೇನಾ? ಎಲ್ಲರೂ ಹೊಸಬರು ಅಂದ್ರೆ ಹಳಬರು ಬಿಟ್ಟು ಹೋಗಿದ್ದಾರೆ ಅಂತ ಅರ್ಥ.

ಸಣ್ಣ ಮೈಯವರು ವರ್ಷಗಟ್ಟಲೆ ಉಳಿದಿರೋ ಜಾಗ ಹೊಸಬರಿಗೂ ಒಳ್ಳೆಯದು. ನನ್ನ ಅನುಭವದಲ್ಲಿ ಇದು ಒಂದು ಸಲವೂ ತಪ್ಪಿಲ್ಲ.

ಬೀಳೋದುಕಲಿ:
ಅಕ್ಕಾ, ಇದನ್ನು ಬರೆದಿಟ್ಟುಕೊಂಡೆ.

ಅಖಾಡದಮಣ್ಣು:
ಮಾತು ಸರಿ. ಆದರೆ ಜನ ಒಳ್ಳೆಯವರು ಅಂತ ಮಾತ್ರ ನೋಡಿದರೂ ಸಾಲದು. ಎಷ್ಟೋ ಕಡೆ ಎಲ್ಲರೂ ತುಂಬಾ ಒಳ್ಳೆಯವರು, ಆದರೆ ಜೋರಾಗಿ ಎದುರು ನಿಲ್ಲೋ ಅಭ್ಯಾಸವೇ ಇಲ್ಲ. ಎದುರಿನವರು ಸುಮ್ನೆ ನಿಂತಿರ್ತಾರೆ, ಇವರು ಪಟ್ಟು ಹಾಕ್ತಾರೆ, ಅವರು ಬೀಳ್ತಾರೆ. ಐದು ವರ್ಷ ಹಾಗೆ ಮಾಡಿದರೂ ತಡೆಯೋ ಮನುಷ್ಯ ಸಿಕ್ಕ ದಿನ ಏನೂ ನಡೆಯಲ್ಲ. ಜೂಡೋದವರ ರಂದೋರಿ, ಬಿಜೆಜೆಯವರ ರೋಲಿಂಗ್, ನಮ್ಮಲ್ಲಿ ಜೋಡಿ ಬಿಡೋದು. ಯಾವ ಹೆಸರಾದರೂ ಇರಲಿ, ಅದು ಇರಬೇಕು.

ಗೀಜಡೆ:
ಇರಬೇಕು, ಒಪ್ಪಿದೆ. ಮೊದಲ ದಿನವೇ ಬೇಡ ಅನ್ನೋದು ನನ್ನ ಮಾತು.

ಅಖಾಡದಮಣ್ಣು:
ಮೊದಲ ದಿನ ಯಾಕೆ ಬೇಡ? ನನ್ನನ್ನು ಮೊದಲ ದಿನವೇ ಬಿಟ್ಟರು. ಅವತ್ತೇ ಇದು ನನಗೆ ಬೇಕು ಅಂತ ಗೊತ್ತಾಯಿತು.

ಹಳೆಕಂದುಬೆಲ್ಟ್:
ನಿಮಗೆ ಆಗ ಎಷ್ಟು ವಯಸ್ಸು?

ಅಖಾಡದಮಣ್ಣು:
14.

ಹಳೆಕಂದುಬೆಲ್ಟ್:
ಅದೇ ಮತ್ತೆ. 14ರ ಮೈ ಬೇರೆ, 34ರ ಮೈ ಬೇರೆ.

ಮೊದಲ ದಿನ ಬಿಡಲೇಬೇಕು ಅಂದರೆ ಅನುಭವ ಇರುವವರ ಜೊತೆ ಮಾತ್ರ ಬಿಡಬೇಕು. ನಾನು ಹೊಸಬರ ಜೊತೆ ಕೂತಾಗ ಮೊದಲು ಹೇಳೋದು ಎರಡೇ ಮಾತು. ಉಸಿರು ಹಿಡಿಯಬೇಡಿ, ಬೇಗ ಟ್ಯಾಪ್ ಮಾಡಿ. ಕೈ ಸಿಕ್ಕಿಕೊಂಡಿದ್ದರೆ ಕಾಲಿಂದ ಮ್ಯಾಟ್ ಬಡಿಯಬಹುದು, ಬಾಯಲ್ಲಿ ಟ್ಯಾಪ್ ಅಂತ ಕೂಗಬಹುದು. ಕತ್ತಿನ ಎರಡೂ ಪಕ್ಕ ಒತ್ತುವ ಚೋಕ್ ಸರಿಯಾಗಿ ಕೂತರೆ ಸುಮಾರು ಹತ್ತು ಸೆಕೆಂಡಲ್ಲಿ ಪ್ರಜ್ಞೆ ಹೋಗುತ್ತೆ. ಇನ್ನೂ ತಡೆಯಬಲ್ಲೆ ಅಂತ ಅನಿಸ್ತಾ ಇರುವಾಗಲೇ ಹೋಗುತ್ತೆ. ಅದಕ್ಕೇ ಮೊದಲ ದಿನ ಟ್ಯಾಪ್ ಕಲಿಸದೆ ಚೋಕ್ ಕಲಿಸೋ ಕಡೆ ಕಲಿಯಬಾರದು.

ಹೊಸದಾರಿ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕಡೆ ಸ್ಯಾಂಬೋ ತರಗತಿ ಇದೆ. ಅದು ಏನು? ಅದರಲ್ಲೂ ಚೋಕ್ ಇರುತ್ತಾ?

ಕಪ್ಪುಮ್ಯಾಟ್:
ಸ್ಯಾಂಬೋ ಹುಟ್ಟಿದ್ದು ಸೋವಿಯತ್ ಒಕ್ಕೂಟದಲ್ಲಿ. 1938ರಲ್ಲಿ ಅಲ್ಲಿ ಅಧಿಕೃತ ಕ್ರೀಡೆ ಆಯಿತು. ಜೂಡೋ ಮತ್ತು ಅಲ್ಲಿನ ಬೇರೆ ಬೇರೆ ಕುಸ್ತಿಗಳನ್ನು ಸೇರಿಸಿ ಮಾಡಿದ್ದು. ಮೇಲೆ ಕುರ್ತ್ಕಾ ಅನ್ನೋ ಜಾಕೆಟ್, ಕೆಳಗೆ ಚಡ್ಡಿ, ಕಾಲಿಗೆ ಶೂ. ಕ್ರೀಡಾ ಸ್ಯಾಂಬೋದಲ್ಲಿ ಚೋಕ್ ಇಲ್ಲ, ಕಾಲಿನ ಬೀಗ ಇದೆ. ಜೂಡೋಗೆ ಸರಿಯಾಗಿ ಉಲ್ಟಾ. ಕಾಂಬ್ಯಾಟ್ ಸ್ಯಾಂಬೋ ಅಂತ ಇನ್ನೊಂದಿದೆ, ಅದರಲ್ಲಿ ಚೋಕೂ ಇದೆ, ಹೊಡೆತವೂ ಇದೆ. ಯಾವುದು ಹೇಳಿಕೊಡ್ತಾರೆ ಅಂತ ಮೊದಲೇ ಕೇಳಿ.

ಹೊಸದಾರಿ:
ತುಂಬಾ ಥ್ಯಾಂಕ್ಸ್ ಅಣ್ಣಾ.

ಚರ್ಮಜಾಗ್ರತೆ:
ಜಾಗ ನೋಡೋಕೆ ಹೋದಾಗ ದಯವಿಟ್ಟು ಮ್ಯಾಟ್ ನೋಡಿ. ಬಗ್ಗಿ ಮೂಗು ಹತ್ತಿರ ತನ್ನಿ. ಹಳೆ ಬೆವರಿನ ವಾಸನೆ ಬಂದರೆ ದಿನಾ ಒರೆಸಲ್ಲ ಅಂತ ಅರ್ಥ. ಜನ ಬರಿಗಾಲಲ್ಲಿ ಬಾತ್‌ರೂಮಿಗೆ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತುತ್ತಾರಾ ನೋಡಿ. ಬಾಗಿಲ ಹತ್ತಿರ ಚಪ್ಪಲಿ ಸಾಲು ಇರಬೇಕು.

ನನಗೆ ಒಂದೇ ವರ್ಷದಲ್ಲಿ ಎರಡು ಸಲ ಹುಳಕಡ್ಡಿ ಆಯಿತು. ಮೊದಲು ಮುಂಗೈಯಲ್ಲಿ ರೂಪಾಯಿ ಅಗಲದ ಕೆಂಪು ಉಂಗುರ. ಏನೋ ತರಚಿದೆ ಅಂತ ಸುಮ್ಮನಾದೆ. ವಾರದಲ್ಲಿ ಕತ್ತಿಗೆ ಬಂತು. ಆಮೇಲೆ ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದ ಇಬ್ಬರಿಗೆ ಬಂತು. ನನ್ನಿಂದ ಅವರಿಗೆ ಹೋಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ. ಚರ್ಮದ ಮೇಲೆ ಏನಾದರೂ ಕಂಡರೆ ಡಾಕ್ಟರಿಗೆ ತೋರಿಸಿ, ವಾಸಿ ಆಗೋವರೆಗೂ ಮ್ಯಾಟ್ ಹತ್ತಬೇಡಿ. ತರಗತಿ ಮುಗಿದ ತಕ್ಷಣ ಸೋಪು ಹಾಕಿ ಸ್ನಾನ ಮಾಡಿ. ಗೀ ಒಂದು ಸಲ ಹಾಕಿದರೆ ಒಗೆಯಲೇಬೇಕು. ನಾಳೆಗೂ ನಡೆಯುತ್ತೆ ಅನ್ನೋದು ಬೇಡ.

ನೀಲಿಬೆಲ್ಟ್:
ಕೈಕಾಲಿನ ಉಗುರು ಕೂಡ. ಎದುರಿನವರ ಕಣ್ಣಿನ ಪಕ್ಕ ಗೀರು ಬಿದ್ದಾಗ ನೆನಪಾದರೆ ಏನು ಪ್ರಯೋಜನ.

ಅಖಾಡದಮಣ್ಣು:
ಕಿವಿನೂ ನೋಡಿಕೊಳ್ಳಿ. ಉಜ್ಜಿ ಉಜ್ಜಿ ಒಳಗೆ ರಕ್ತ ತುಂಬಿ ಊದುತ್ತೆ. ಹಾಗೇ ಬಿಟ್ಟರೆ ಗಟ್ಟಿಯಾಗಿ ಮುದುಡಿಕೊಂಡೇ ಉಳಿಯುತ್ತೆ. ನನ್ನ ಎಡಗಿವಿ ಹಾಗೇ ಆಗಿದೆ. ಊದಿದ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ಕಿವಿಗೆ ಹಾಕೋ ಗಾರ್ಡ್ ಸಿಗುತ್ತೆ, ಮೊದಲಿಂದಲೇ ಹಾಕಿ.

ಕರಾರುಓದಿ:
ಒಂದು ವರ್ಷದ ಕರಾರಿನ ವಿಷಯ ಯಾರೂ ಎತ್ತಲಿಲ್ಲ. ಹೊಸಬರು ಒಂದು ವರ್ಷಕ್ಕೆ ಸಹಿ ಹಾಕಬಾರದು. ನಾನು ಹಾಕಿ ಎರಡನೇ ತಿಂಗಳು ಭುಜ ಉಳುಕಿಸಿಕೊಂಡೆ. ಹತ್ತು ತಿಂಗಳ ದುಡ್ಡು ಹೋಯಿತು. ಪೆಟ್ಟಾದರೆ ತಡೆ ಹಿಡಿಯಬಹುದಾ, ಊರು ಬಿಟ್ಟರೆ ಏನು, ಬೆಲ್ಟ್ ಪರೀಕ್ಷೆಗೆ ಬೇರೆ ಫೀಸಾ, ಅವರದ್ದೇ ಗೀ ಕೊಳ್ಳಬೇಕಾ, ಇವನ್ನೆಲ್ಲ ಕಾಗದದಲ್ಲಿ ಓದಿ. ತಿಂಗಳು ತಿಂಗಳು ಕೊಡ್ತೀನಿ ಅಂತ ಕೇಳಿ. ಎಷ್ಟೋ ಕಡೆ ಕೇಳಿದರೆ ಒಪ್ತಾರೆ.

ನೀಲಿಬೆಲ್ಟ್:
ಕರಾರು ಕೇಳಿದ ಮಾತ್ರಕ್ಕೆ ಕೆಟ್ಟವರಲ್ಲ. ಬಾಡಿಗೆ, ಮ್ಯಾಟ್, ಕೋಚ್ ಸಂಬಳ, ಎಲ್ಲಾ ಅವರಿಗೂ ಇದೆ. ಒಂದು ತಿಂಗಳು ಬಂದು ಮಾಯ ಆಗೋರೇ ಜಾಸ್ತಿ.

ಕರಾರುಓದಿ:
ಅವರ ಕಷ್ಟ ಅರ್ಥ ಆಗುತ್ತೆ. ಆದರೆ ಚೆನ್ನಾಗಿ ಕಲಿಸಿದರೆ ಜನ ತಾವಾಗಿ ಉಳೀತಾರೆ. ಇವತ್ತೇ ಸಹಿ ಹಾಕಿದರೆ ರಿಯಾಯಿತಿ, ನಾಳೆ ಇಲ್ಲ ಅನ್ನೋರನ್ನು ನಾನು ನಂಬಲ್ಲ.

ದಿನಾಮ್ಯಾಟ್:
ಬೆಲ್ಟ್ ಎಷ್ಟು ಬೇಗ ಕೊಡ್ತಾರೆ ಅಂತಲೂ ಕೇಳಿ. ಬಿಜೆಜೆಯಲ್ಲಿ ಆರು ತಿಂಗಳಿಗೆ ನೀಲಿ ಕೊಡ್ತೀವಿ ಅಂದರೆ ಅನುಮಾನ ಪಡಿ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕಪ್ಪಿಗೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹತ್ತಿರ ಆಗುತ್ತೆ. ಐಬಿಜೆಜೆಎಫ್ ನಿಯಮದ ಪ್ರಕಾರ ನೀಲಿಯಲ್ಲೇ ಕನಿಷ್ಠ 2 ವರ್ಷ ಇರಬೇಕು.

ಮೊದಲಪಟ್ಟು:
ಎರಡು ವಾರ ಆಯಿತು. ಮೂರೂ ಕಡೆ ಹೋಗಿ ಬಂದೆ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಫಿಸಿಯೋ. ಮಂಡಿಯ ಲಿಗಮೆಂಟ್ ಚೆನ್ನಾಗಿದೆ, ತೊಡೆಯ ಬಲ ಮಾತ್ರ ಬಲಗಡೆ ಕಡಿಮೆ ಅಂದರು. ಒಂಟಿ ಕಾಲಲ್ಲಿ ಕೂತು ಏಳೋ ವ್ಯಾಯಾಮ ಕೊಟ್ಟಿದ್ದಾರೆ. ಸೇರಬಹುದು, ಆದರೆ ನಿಧಾನಕ್ಕೆ ಅಂದರು.

ಬಿಜೆಜೆಗೆ ಹೋದೆ. ಕೌಂಟರ್‌ನಲ್ಲಿ ಮಂಡಿ ವಿಷಯ ಹೇಳಿದೆ. "ಏನೂ ಆಗಲ್ಲ ಸರ್" ಅಂದರು. ಮಂಡಿಪಾಠ ಅವರ ಮಾತು ನೆನಪಾಯಿತು. ಆದರೆ ಮ್ಯಾಟ್ ಮೇಲೆ ಬೇರೆ ಥರ ಇತ್ತು. ನನಗೆ ಜೋಡಿಯಾಗಿ ಬಂದವರು ನೇರಳೆ ಬೆಲ್ಟಿನ ಒಬ್ಬ ಮೇಡಂ. ಕೂರುವ ಮೊದಲೇ "ಎಲ್ಲಾದರೂ ಪೆಟ್ಟಿದೆಯಾ?" ಅಂತ ಕೇಳಿದರು. ಬಲ ಮಂಡಿ ಅಂದೆ. ಇಡೀ ಗಂಟೆ ಆ ಕಡೆಗೆ ತೂಕ ಬರದ ಹಾಗೆ ನೋಡಿಕೊಂಡರು. ಬೆನ್ನ ಮೇಲೆ ಮಲಗಿ ಸೊಂಟ ಜಾರಿಸೋದು ಕಲಿತೆ. ಅವರು ನನಗಿಂತ ಇಪ್ಪತ್ತು ಕೆಜಿ ಕಡಿಮೆ ಇರಬಹುದು. ಎದೆ ಮೇಲೆ ಕೂತರೆ ನನಗೆ ಅಲುಗಾಡೋಕೆ ಆಗಲಿಲ್ಲ. "ಉಸಿರು ಬಿಡಿ, ಉಸಿರು ಬಿಡಿ" ಅಂತ ನಾಲ್ಕು ಸಲ ಹೇಳಿದರು. ಕೋಚ್ ತರಗತಿ ಪೂರ್ತಿ ಸ್ಪರ್ಧೆಗೆ ಹೋಗುವ ಹುಡುಗರ ಹತ್ತಿರವೇ ಇದ್ದರು. ಹೊರಡುವಾಗ ಕರಾರಿನ ಕಾಗದ ಮುಂದಿಟ್ಟರು.

ಕುಸ್ತಿಗೆ ಹೋದೆ. ಹುಡುಗರು ತುಂಬಾ ಪ್ರೀತಿಯಿಂದ ಮಾತಾಡಿಸಿದರು. ಒಬ್ಬ 19ರ ಹುಡುಗ ನಿಲ್ಲೋದು ಹೇಗೆ ಅಂತ ತೋರಿಸಿದ. ಮೂರು ನಿಮಿಷ ಮಂಡಿ ಬಗ್ಗಿಸಿ ನಿಂತರೆ ತೊಡೆ ನಡುಗುತ್ತಿತ್ತು. ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ನೋಡಿ, ಈ ಬ್ಯಾಚಿನ ವೇಗಕ್ಕೆ ನಿಮ್ಮನ್ನು ಹಾಕಿದರೆ ನಿಮ್ಮ ಮಂಡಿಗೆ ನಾನು ಹೊಣೆ ಆಗಬೇಕಾಗುತ್ತೆ. ಆರು ತಿಂಗಳು ಬೇರೆ ಕಡೆ ಬೀಳೋದು ಕಲಿತು ಬನ್ನಿ, ಆಮೇಲೆ ನಾನೇ ಹೇಳಿಕೊಡ್ತೀನಿ" ಅಂದರು. ಫೀಸು ಬಿಟ್ಟು ಹಾಗೆ ಹೇಳೋರು ಎಷ್ಟು ಜನ ಇದ್ದಾರೆ? ನನಗೆ ಅವರ ಮೇಲೆ ಗೌರವ ಬಂತು.

ಕೊನೆಗೆ ಜೂಡೋ. ಕೋಚಿಗೆ ಅರವತ್ತರ ಹತ್ತಿರ ವಯಸ್ಸು. ಮಂಡಿ ಅಂದ ತಕ್ಷಣ, "ಒಳಗಡೆಯಾ, ಹೊರಗಡೆಯಾ?" ಅಂತ ಕೇಳಿದರು. ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದರು. "ಎರಡು ತಿಂಗಳು ರಂದೋರಿ ಇಲ್ಲ. ಮಂಡಿ ಊರಿ ಎಸೆಯೋ ಪಟ್ಟು ನಿಮಗೆ ಸದ್ಯಕ್ಕೆ ಬೇಡ" ಅಂದರು. ನಲವತ್ತು ನಿಮಿಷ ಬರೀ ಬಿದ್ದೆ. ಮೊದಲು ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ. ಪ್ರತಿ ಸಲ ನನ್ನ ತಲೆಯ ಹಿಂದೆ ಅವರ ಅಂಗೈ ಇತ್ತು. "ಬೆಲ್ಟಿನ ಗಂಟು ನೋಡಿ, ಗಂಟು ನೋಡಿ" ಅಂತಿದ್ದರು. ಗಂಟು ನೋಡಿದರೆ ಗದ್ದ ತಾನಾಗಿ ಎದೆಗೆ ಬರುತ್ತೆ, ತಲೆ ನೆಲಕ್ಕೆ ತಾಗಲ್ಲ. ಹದಿನೈದು ಇಪ್ಪತ್ತು ಸಲ ಆದ ಮೇಲೆ ತಿರುಗಿ ನೋಡಿದರೆ ಅವರ ಕೈ ಅಲ್ಲಿ ಇರಲಿಲ್ಲ. ಯಾವಾಗ ತೆಗೆದರು ಅಂತ ಗೊತ್ತೇ ಆಗಲಿಲ್ಲ.

ಬೀಳೋದುಕಲಿ:
ಸೇರಿ. ಇನ್ನೇನು ಯೋಚನೆ!

ಗೀಜಡೆ:
ಆ ನೇರಳೆ ಬೆಲ್ಟಿನ ಮೇಡಂ ಬಗ್ಗೆ ಓದಿ ಖುಷಿಯಾಯಿತು. ಅಂಥವರು ಒಬ್ಬರಿದ್ದರೆ ಹೊಸಬರು ಉಳೀತಾರೆ. ಆದರೆ ದಿನಾ ನಿಮಗೆ ಅವರೇ ಸಿಗಲ್ಲವಲ್ಲ. ಕೋಚ್ ಹೊಸಬರ ಕಡೆ ನೋಡದಿದ್ದರೆ ನಾಳೆ ಯಾರು ಸಿಗ್ತಾರೋ ಗೊತ್ತಿಲ್ಲ.

ನೀಲಿಬೆಲ್ಟ್:
ನಾನೇ ಬಿಜೆಜೆಗೆ ಓಟು ಹಾಕಿದವನು. ಈಗ ಬದಲಾಯಿಸ್ತೀನಿ. ಜೂಡೋಗೆ ಹೋಗಿ. ಆದರೆ ದೊಡ್ಡವರು ಐದಾರೇ ಜನ ಅನ್ನೋದು ಈಗಲೂ ನನ್ನ ತಕರಾರು. ನಾಲ್ಕು ತಿಂಗಳಾದ ಮೇಲೆ ಬೇರೆ ಮೈಗಳು ಬೇಕೇ ಬೇಕು. ಎಷ್ಟೋ ಬಿಜೆಜೆ ಅಕಾಡೆಮಿಗಳಲ್ಲಿ ವಾರಕ್ಕೊಂದು ದಿನ ಓಪನ್ ಮ್ಯಾಟ್ ಇರುತ್ತೆ, ಹೊರಗಿನವರೂ ಬರಬಹುದು. ಎರಡೂ ಕಡೆಯ ಕೋಚ್‌ಗೆ ಹೇಳಿಯೇ ಹೋಗಿ.

ಮಂಡಿಪಾಠ:
"ಒಳಗಡೆಯಾ, ಹೊರಗಡೆಯಾ?" ಇಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಅವರ ಹತ್ತಿರವೇ ಕಲಿಯಿರಿ.

ಮೊದಲಪಟ್ಟು:
ಜೂಡೋಗೆ ಸೇರಿದೆ. ತಿಂಗಳು ತಿಂಗಳು ಫೀಸು, ಕರಾರು ಇಲ್ಲ. ನೀಲಿಬೆಲ್ಟ್ ಅಣ್ಣನ ಮಾತು ಕೋಚ್ ಮುಂದೆ ಇಟ್ಟೆ. ರಂದೋರಿ ಶುರುವಾದ ಮೇಲೆ ಓಪನ್ ಮ್ಯಾಟ್‌ಗೆ ಹೋಗಿ, ಈಗ ಬೇಡ ಅಂದರು.

ಒಂದು ಪ್ರಶ್ನೆ ಉಳಿದಿದೆ. ಗೀ ತಗೋಬೇಕು. ನನ್ನ ಅಳತೆಗೆ ಸರಿ ಇರೋದು ತಗೊಳ್ಳಲಾ, ಒಂದು ಸೈಜ್ ದೊಡ್ಡದು ತಗೊಳ್ಳಲಾ?

ಹಳೆಕಂದುಬೆಲ್ಟ್:
ಪೂರ್ತಿ ಹತ್ತಿಯದಾದರೆ ಕುಗ್ಗುತ್ತೆ, ಸ್ವಲ್ಪ ದೊಡ್ಡದೇ ತಗೊಳ್ಳಿ. ಮೊದಲೇ ಕುಗ್ಗಿಸಿದ ಬಟ್ಟೆ ಅಂತ ಬರೆದಿದ್ದರೆ ಸರಿ ಅಳತೆ ಸಾಕು. ಜೂಡೋಗೆ ಜೂಡೋ ಗೀನೇ ತಗೊಳ್ಳಿ, ಬಿಜೆಜೆದು ತೋಳು ಬಿಗಿ ಇರುತ್ತೆ. ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ.

ಚರ್ಮಜಾಗ್ರತೆ:
ಎರಡು ತಗೊಳ್ಳಿ. ಒಂದು ಒಣಗೋದರಲ್ಲಿ ಮುಂದಿನ ತರಗತಿ ಬಂದಿರುತ್ತೆ.